ಸ್ಕಾಲರ್‌ಶಿಪ್ ಕೇಳುವ ಮುಂಚೆ, ಮನೆಯಲ್ಲಿ ದುಡಿಯುವವರ ಕೆಲಸ ಏನು ಅಂತ ಬರೆಯಿರಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪಿಯುಸಿ ಮುಗಿದು ಕಾಲೇಜು ಸೇರುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ್ದು: ನಮ್ಮ ಮಗುವಿಗೆ ಯಾವ ಸ್ಕಾಲರ್‌ಶಿಪ್ ಸಿಗುತ್ತದೆ? ಪತ್ರದಲ್ಲಿ ಜಾತಿ ಇರುತ್ತದೆ, ಮಾರ್ಕ್ಸ್ ಇರುತ್ತದೆ. ಅಪ್ಪ-ಅಮ್ಮ ಏನು ಕೆಲಸ ಮಾಡುತ್ತಾರೆ ಅನ್ನುವುದು ಮಾತ್ರ ಇರುವುದೇ ಇಲ್ಲ. ನನಗೆ ಮೊದಲು ಬೇಕಾಗುವುದೇ ಅದು. ಕರ್ನಾಟಕದಲ್ಲಿ ಓದುವ ಮಕ್ಕಳಿಗೆ ಜಾತಿಯ ಮೇಲೆ, ಮಾರ್ಕ್ಸ್ ಮೇಲೆ ಕೊಡುವ ದುಡ್ಡು ಇರುವ ಹಾಗೆಯೇ ತಂದೆ-ತಾಯಿಯ ಕಸುಬಿನ ಮೇಲೆ ಕೊಡುವ ದುಡ್ಡೂ ಇದೆ. ಅದು ಬೇರೆಬೇರೆ ಇಲಾಖೆಗಳಲ್ಲಿ, ಮಂಡಳಿಗಳಲ್ಲಿ ಚದುರಿ ಹೋಗಿದೆ. ಕಾಲೇಜಿನ ನೋಟಿಸ್ ಬೋರ್ಡಿಗೆ ಅದು ಬರುವುದೇ ಅಪರೂಪ. ಹಾಗಾಗಿ ಈ ಸಲ ಅಂಥ ಪತ್ರಗಳನ್ನೇ ಜಾಸ್ತಿ ಆರಿಸಿಕೊಂಡಿದ್ದೇನೆ.

ನಮಗೆ ಮೂರು ಎಕರೆ ಹೊಲ ಇದೆ. ಮಗಳು ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲೇ ಓದಿ ಈಗ ಬಿಎಸ್ಸಿ ಸೇರಿದ್ದಾಳೆ. ಸೈಬರ್ ಸೆಂಟರ್‌ನವರು ಒಂದು ಅರ್ಜಿ ಹಾಕಿ "ಆಯ್ತು" ಅಂದರು. ಇಷ್ಟೇನಾ, ಬೇರೆ ಏನಾದರೂ ಇದೆಯಾ ಮೇಡಂ? – ಒಬ್ಬ ತಂದೆ, ಹಾವೇರಿ ಜಿಲ್ಲೆ

ಇಷ್ಟೇ ಅಲ್ಲ. ಸೈಬರ್ ಸೆಂಟರ್‌ನವರು ಹಾಕಿರುವುದು ಬಹುಶಃ ಎಸ್‌ಎಸ್‌ಪಿ ಅರ್ಜಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಹಿಂದುಳಿದ ವರ್ಗ, ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಎಲ್ಲವೂ ಇದೇ ಪೋರ್ಟಲ್ಲಿನಲ್ಲಿ ಬರುತ್ತವೆ. ಅದು ಆಗಲೇಬೇಕು. ಮೊದಲು ಅರ್ಜಿಯ ಪ್ರಿಂಟ್ ತೆಗೆಸಿ, ಮಗಳ ಹೆಸರು, ಕೋರ್ಸು, ಜಾತಿ-ಆದಾಯ ಪತ್ರದ ಮೇಲಿರುವ ಆರ್‌ಡಿ ನಂಬರ್ ಸರಿ ಇದೆಯಾ ನೋಡಿ.

ಮುಂದಿನದು ನಿಮ್ಮ ಹೊಲಕ್ಕೆ ಸಂಬಂಧಿಸಿದ್ದು. ರೈತರ ಮಕ್ಕಳಿಗೆ ಅಂತಲೇ 2021ರಲ್ಲಿ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಶುರುವಾಯಿತು. ಆಗ ನಿಗದಿ ಮಾಡಿದ ಲೆಕ್ಕ ಹೀಗಿತ್ತು: ಪಿಯುಸಿ, ಐಟಿಐ, ಡಿಪ್ಲೊಮಾ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000 ರೂಪಾಯಿ. ಬಿಎ, ಬಿಎಸ್ಸಿ, ಬಿಕಾಂ ಥರದ ಪದವಿಗೆ 5,000 ಮತ್ತು 5,500. ಎಂಬಿಬಿಎಸ್, ಬಿಇ, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಇದಕ್ಕೆ ಬೇಕಾಗುವುದು ಎಫ್‌ಐಡಿ, ಅಂದರೆ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಕೊಡುವ ಗುರುತಿನ ನಂಬರ್. ಹೊಲದ ಪಹಣಿ ಇನ್ನೂ ನಿಮ್ಮ ತಂದೆಯವರ ಹೆಸರಿನಲ್ಲೇ ಇದ್ದರೆ ಎಫ್‌ಐಡಿ ನಿಮ್ಮ ಹೆಸರಿಗೆ ಆಗುವುದಿಲ್ಲ, ಮಗಳಿಗೆ ದುಡ್ಡೂ ಬರುವುದಿಲ್ಲ. ಇಲ್ಲಿ ಎಷ್ಟೋ ಮನೆಗಳು ಸಿಕ್ಕಿಹಾಕಿಕೊಳ್ಳುತ್ತವೆ. ಅಜ್ಜ ತೀರಿಕೊಂಡು ವರ್ಷಗಳಾಗಿರುತ್ತವೆ, ಉಳುಮೆ ಮಾಡುವವರು ಮಕ್ಕಳು, ಆದರೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಆಗಿರುವುದಿಲ್ಲ. ನಿಮ್ಮದೂ ಹಾಗೇ ಇದ್ದರೆ ಪೌತಿ ಖಾತೆ ಮಾಡಿಸಿಕೊಳ್ಳಿ, ಅದು ಸ್ಕಾಲರ್‌ಶಿಪ್ಪಿಗೆ ಮಾತ್ರ ಅಲ್ಲ, ಬೆಳೆ ವಿಮೆ, ಪರಿಹಾರ, ಬ್ಯಾಂಕ್ ಸಾಲ ಎಲ್ಲದಕ್ಕೂ ಬೇಕು. ಈ ವರ್ಷದ ವಿದ್ಯಾನಿಧಿ ಹೇಗೆ ನಡೆಯುತ್ತಿದೆ ಅಂತ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೇ ಕೇಳಿ. ಎಫ್‌ಐಡಿ ನೋಡುವವರೂ ಅವರೇ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಮಾತು "ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜು". ಹತ್ತನೇ ತರಗತಿ, ಹನ್ನೆರಡನೇ ತರಗತಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ, ಕೋರ್ಸು ಮುಗಿಯುವವರೆಗೂ. 2025-26ರಲ್ಲಿ ಕರ್ನಾಟಕವೂ ಇದರಲ್ಲಿ ಸೇರಿತು. ಅರ್ಜಿ ಹಾಕಲು ಒಂದು ರೂಪಾಯಿ ಖರ್ಚಿಲ್ಲ. ಮೊದಲ ವರ್ಷದಲ್ಲೇ ಹಾಕಬೇಕು ಅನ್ನುವುದನ್ನು ಮಾತ್ರ ಮರೆಯಬೇಡಿ. ಎರಡನೇ ವರ್ಷದಲ್ಲಿ ವಿಷಯ ಗೊತ್ತಾಗಿ ಬರೆಯುವ ಹುಡುಗಿಯರ ಪತ್ರ ಓದುವಾಗ ನಿಜಕ್ಕೂ ಸಂಕಟವಾಗುತ್ತದೆ.

ಮಗಳಿಗೆ ಒಳ್ಳೆಯ ಮಾರ್ಕ್ಸ್ ಬಂದಿದ್ದರೆ ಕೇಂದ್ರ ಸರ್ಕಾರದ್ದೊಂದು ಇದೆ. ಎನ್‌ಎಸ್‌ಪಿ, ಅಂದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಕಾಲೇಜು ವಿದ್ಯಾರ್ಥಿಗಳ ಕೇಂದ್ರೀಯ ವಲಯದ ಯೋಜನೆ ಅಂತ ಸಿಗುತ್ತದೆ. ಮನೆಯ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದ ಒಳಗಿರಬೇಕು, ಪಿಯುಸಿಯಲ್ಲಿ ಅವಳ ವಿಭಾಗದಲ್ಲಿ ಪಾಸಾದವರ ಪೈಕಿ ಮೇಲಿನ ನೂರಕ್ಕೆ ಇಪ್ಪತ್ತು ಮಂದಿಯಲ್ಲಿ ಇರಬೇಕು. ಪದವಿಯ ಮೂರು ವರ್ಷ ತಲಾ 12,000. ಆಯ್ಕೆಯಾದವರಲ್ಲಿ ಅರ್ಧದಷ್ಟು ಹುಡುಗಿಯರಿಗೇ ಮೀಸಲು. ಆದರೆ ಇದನ್ನು ತೆಗೆದುಕೊಂಡರೆ ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ತೆಗೆದುಕೊಳ್ಳುವ ಹಾಗಿಲ್ಲ, ಹಾಗಾಗಿ ಎಸ್‌ಎಸ್‌ಪಿಯಲ್ಲಿ ಬರುವ ಮೊತ್ತ ಎಷ್ಟು ಅಂತ ಕಾಲೇಜಿನಲ್ಲಿ ಕೇಳಿ ಹೋಲಿಸಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ಎಸ್‌ಎಸ್‌ಪಿಯಲ್ಲಿ ಮಂಜೂರಾಗಿದೆ ಅಂತ ತೋರಿಸುತ್ತದೆ, ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ದುಡ್ಡೇ ಇಲ್ಲ. ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಆಗಿದೆ" ಅನ್ನುತ್ತಾರೆ. ಇಲಾಖೆಯಲ್ಲಿ "ಬ್ಯಾಂಕಿನಲ್ಲಿ ಕೇಳಿ" ಅನ್ನುತ್ತಾರೆ. – ಬಿಕಾಂ ವಿದ್ಯಾರ್ಥಿನಿ, ಚಿಕ್ಕಮಗಳೂರು

ಇಬ್ಬರೂ ಹೇಳುವುದು ಅವರವರ ಮಟ್ಟಿಗೆ ಸರಿಯೇ, ಮಧ್ಯದಲ್ಲಿ ಅಲೆದಾಡುವವರು ನೀವು. ವಿಷಯ ಏನೆಂದರೆ, ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ಬ್ಯಾಂಕುಗಳ ನಡುವೆ ಹಣ ದಾಟಿಸುವ ಸಂಸ್ಥೆಯಾದ ಎನ್‌ಪಿಸಿಐಯಲ್ಲಿ ಮ್ಯಾಪಿಂಗ್ ಆಗಿರುವುದು ಬೇರೆ. ಸರ್ಕಾರ ದುಡ್ಡು ಕಳಿಸುವಾಗ ನಿಮ್ಮ ಖಾತೆ ನಂಬರ್ ನೋಡುವುದಿಲ್ಲ, ಆಧಾರ್ ನಂಬರ್ ನೋಡುತ್ತದೆ. ಆ ಆಧಾರ್ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆಯೋ ಅಲ್ಲಿಗೆ ದುಡ್ಡು ಹೋಗುತ್ತದೆ. ಒಂದು ಆಧಾರ್‌ಗೆ ಒಂದು ಹೊತ್ತಿಗೆ ಒಂದೇ ಬ್ಯಾಂಕು, ಅದೂ ಕೊನೆಗೆ ಮ್ಯಾಪ್ ಆದದ್ದು. ಹಾಗಾಗಿ ನೀವು ಪಾಸ್‌ಬುಕ್ ನೋಡುತ್ತಿರುವುದು ಒಂದು ಬ್ಯಾಂಕಿನದು, ದುಡ್ಡು ಹೋಗಿರುವುದು ಹೈಸ್ಕೂಲಿನಲ್ಲಿ ತೆರೆದಿದ್ದ ಇನ್ನೊಂದು ಬ್ಯಾಂಕಿಗೆ ಇರಬಹುದು. ಎಲ್ಲೂ ಮ್ಯಾಪ್ ಆಗಿರದಿದ್ದರೆ ಅದು ವಾಪಸ್ ಹೋಗಿರುತ್ತದೆ.

ಮನೆಯಲ್ಲೇ ನೋಡಬಹುದು. ಆಧಾರ್‌ನ ವೆಬ್‌ಸೈಟಿನಲ್ಲಿ ಓಟಿಪಿ ಹಾಕಿ ಒಳಗೆ ಹೋದರೆ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ. ಯಾವ ಬ್ಯಾಂಕು, ಆಕ್ಟಿವ್ ಇದೆಯೋ ಇಲ್ಲವೋ ಎರಡೂ ಅಲ್ಲಿ ಕಾಣುತ್ತದೆ. ಸರ್ಕಾರದ ದುಡ್ಡು ನೇರವಾಗಿ ಖಾತೆಗೆ ಬರುವುದಕ್ಕೆ ಡಿಬಿಟಿ ಅನ್ನುತ್ತಾರೆ. ಡಿಬಿಟಿ ಕರ್ನಾಟಕ ಅನ್ನುವ ಸರ್ಕಾರದ ಆ್ಯಪ್‌ನಲ್ಲಿ ಯಾವ ಯೋಜನೆಯ ದುಡ್ಡು ಯಾವತ್ತು ಯಾವ ಖಾತೆಗೆ ಹೋಯಿತು ಅನ್ನುವುದು ಸಿಗುತ್ತದೆ. ಎರಡಕ್ಕೂ ಆಧಾರ್‌ಗೆ ಮೊಬೈಲ್ ನಂಬರ್ ಸೇರಿರಬೇಕು. ಆಮೇಲೆ ಬ್ಯಾಂಕಿಗೆ ಹೋಗಿ "ಆಧಾರ್ ಲಿಂಕ್ ಮಾಡಿ" ಅನ್ನಬೇಡಿ, "ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ" ಅಂತ ಅರ್ಜಿಯಲ್ಲೇ ಬರೆದು ಕೊಡಿ. ಹೀಗೆ ಕೇಳಿದರೆ ಕೌಂಟರ್‌ನಲ್ಲಿ ಇರುವವರಿಗೂ ಕೆಲಸ ಏನು ಅಂತ ಸ್ಪಷ್ಟವಾಗುತ್ತದೆ. ಬ್ಯಾಂಕು ದೂರ ಇದ್ದರೆ ಅಂಚೆ ಕಚೇರಿಯಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆಯಬಹುದು, ತೆರೆಯುವಾಗಲೇ ಮ್ಯಾಪಿಂಗ್ ಕೇಳಿ.

ಇನ್ನೂ ಒಂದು ಸಾಧ್ಯತೆ. ಮೈನರ್ ಆಗಿದ್ದಾಗ ತೆರೆದ ಖಾತೆ 18 ತುಂಬಿದ ಮೇಲೆ ಹೊಸದಾಗಿ ಕೆವೈಸಿ ಕೇಳುತ್ತದೆ. ಕೊಡದಿದ್ದರೆ ಖಾತೆ ತಡೆಯಾಗುತ್ತದೆ, ಪಿಯುಸಿ ಮುಗಿಸಿದವರಿಗೆ ಸರಿಯಾಗಿ ಇದೇ ವಯಸ್ಸು. ನಿಮ್ಮದೂ ಅದೇ ಇರಬಹುದು, ಕೇಳಿ ನೋಡಿ.

ನನ್ನ ತಾಯಿ ಬೀಡಿ ಕಟ್ಟುತ್ತಾರೆ, ತಂದೆ ಇಲ್ಲ. ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಸೇರಲಾ ಬೇಡವಾ ಅಂತ ಯೋಚಿಸುತ್ತಿದ್ದೇನೆ. – ವಿದ್ಯಾರ್ಥಿ, ಬಂಟ್ವಾಳ ತಾಲ್ಲೂಕು

ಸೇರಿ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನ ಇದೆ. ಸಾಮಾನ್ಯ ಪದವಿ, ಪಾಲಿಟೆಕ್ನಿಕ್, ಐಟಿಐಗೆ ವರ್ಷಕ್ಕೆ 6,000, ಎಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿಪರ ಕೋರ್ಸಿಗೆ 25,000. ಅಮ್ಮನ ಹೆಸರಿನಲ್ಲಿ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇರಬೇಕು, ಕನಿಷ್ಠ ಆರು ತಿಂಗಳ ಕೆಲಸ ಆಗಿರಬೇಕು. ದಕ್ಷಿಣ ಕನ್ನಡದಲ್ಲಿ ತಲೆಮಾರುಗಳಿಂದ ಹೆಂಗಸರು ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ್ದಾರೆ. ಆದರೂ ಆ ಚೀಟಿಯನ್ನು ಆಸ್ಪತ್ರೆಗೆ ಮಾತ್ರ ಅಂದುಕೊಂಡು ಪೆಟ್ಟಿಗೆಯಲ್ಲಿ ಇಟ್ಟಿರುವವರು ಬಹಳ. ಹತ್ತಿರದ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಡಿಸ್ಪೆನ್ಸರಿಯಲ್ಲಿ ವಿಚಾರಿಸಿ.

ಅರ್ಜಿ ಎನ್‌ಎಸ್‌ಪಿಯಲ್ಲಿ. ಅಲ್ಲಿ ಮೊದಲು ಓಟಿಆರ್ ನಂಬರ್ ಪಡೆಯಬೇಕು. ಅದನ್ನು ಜೀವನದಲ್ಲಿ ಒಂದೇ ಸಲ ಮಾಡುವುದು, ಫೋನಿನಲ್ಲಿ ಮುಖ ತೋರಿಸಿ ಆಧಾರ್ ದೃಢೀಕರಣ ಮಾಡಬೇಕಾಗುತ್ತದೆ. ಕೊನೆಯ ವಾರ ಸರ್ವರ್ ನಿಧಾನ ಆಗುತ್ತದೆ, ಮುಂಚೆಯೇ ಮಾಡಿಬಿಡಿ. ಜೊತೆಗೆ, ಅರ್ಜಿ ಹಾಕಿದರೆ ಸಾಲದು, ಕಾಲೇಜಿನ ನೋಡಲ್ ಅಧಿಕಾರಿ ಅದನ್ನು ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಅವರ ಲಾಗಿನ್‌ನಲ್ಲಿ ಸುಮ್ನೆ ಕೂತುಬಿಟ್ಟ ಅರ್ಜಿಗೆ ದುಡ್ಡು ಬರುವುದಿಲ್ಲ. ಪ್ರಿಂಟ್ ಹಿಡಿದುಕೊಂಡು ಅವರ ಮುಂದೆ ಹೋಗಿ ನಿಂತು ಕೇಳುವುದರಲ್ಲಿ ಸಂಕೋಚ ಬೇಡ.

ನಾವು ಜನರಲ್ ಮೆರಿಟ್. ಯಜಮಾನರು ಒಂದು ಕಾರ್ಖಾನೆಯಲ್ಲಿದ್ದಾರೆ, ಸಂಬಳ 28 ಸಾವಿರ. ಮಗನಿಗೆ ಬಿಇ ಮಾಡಿಸುವ ಆಸೆ. ಎಲ್ಲಿ ಹೋದರೂ "ನಿಮಗೆ ಏನೂ ಇಲ್ಲ" ಅನ್ನುತ್ತಾರೆ. – ಒಬ್ಬ ತಾಯಿ, ಮೈಸೂರು

ಹಾಗೆ ಹೇಳುವವರು ಪೂರ್ತಿ ನೋಡಿಲ್ಲ. ನಿಮ್ಮ ಯಜಮಾನರ ಸಂಬಳದ ಚೀಟಿ ತೆಗೆದು ನೋಡಿ, ವರ್ಷಕ್ಕೊಮ್ಮೆ ಕಾರ್ಮಿಕ ಕಲ್ಯಾಣ ನಿಧಿ ಅಂತ ಒಂದು ಸಣ್ಣ ಮೊತ್ತ ಹಿಡಿದಿರುತ್ತಾರೆ. ಮಾಲೀಕರೂ ಅವರ ಪಾಲು ಕಟ್ಟುತ್ತಾರೆ. ಆ ದುಡ್ಡು ಹೋಗುವುದು ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಗೆ. ಮಂಡಳಿ ಅದರಿಂದಲೇ ಕಾರ್ಮಿಕರ ಮಕ್ಕಳಿಗೆ ಪ್ರತಿ ವರ್ಷ ಶೈಕ್ಷಣಿಕ ಪ್ರೋತ್ಸಾಹ ಧನ ಕೊಡುತ್ತದೆ, ಜಾತಿ ಕೇಳುವುದು ಮಾರ್ಕ್ಸಿನ ರಿಯಾಯಿತಿಗೆ ಮಾತ್ರ: ಸಾಮಾನ್ಯ ವರ್ಗಕ್ಕೆ ನೂರಕ್ಕೆ 50, ಪರಿಶಿಷ್ಟರಿಗೆ 45. ಸಂಬಳ ತಿಂಗಳಿಗೆ 35,000ದ ಒಳಗಿರಬೇಕು, ನಿಮ್ಮದು ಒಳಗೇ ಇದೆ. ಕಾರ್ಖಾನೆಯ ಎಚ್‌ಆರ್ ದೃಢೀಕರಿಸಬೇಕು. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಸಾವಿರಾರು ಹೆಣ್ಣುಮಕ್ಕಳ ಸಂಬಳದಲ್ಲೂ ಇದೇ ದುಡ್ಡು ಹಿಡಿಯುತ್ತಾರೆ, ಅವರಿಗೂ ಈ ವಿಷಯ ಹೇಳಿ. ಅದು ಅವರದ್ದೇ ದುಡ್ಡು, ಅಲ್ವಾ?

ಇದಕ್ಕಿಂತ ದೊಡ್ಡ ಉಳಿತಾಯ ಇನ್ನೊಂದರಲ್ಲಿದೆ. ಸಿಇಟಿ ಮೂಲಕ ಬಿಇ ಸೇರುವವರಿಗೆ ಎಸ್‌ಎನ್‌ಕ್ಯೂ ಅಂತ ಸೀಟುಗಳಿವೆ. ಕಾಲೇಜಿನ ಒಟ್ಟು ಸೀಟಿನ ಮೇಲೆ ಹೆಚ್ಚುವರಿಯಾಗಿ ನೂರಕ್ಕೆ ಐದು. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಬೋಧನಾ ಶುಲ್ಕ ಇಲ್ಲ, ಉಳಿದ ಸಣ್ಣಪುಟ್ಟ ಶುಲ್ಕ ಕಟ್ಟಬೇಕು. ಜಾತಿಯ ಪ್ರಶ್ನೆಯೇ ಇಲ್ಲ. ಆದರೆ ಸಿಇಟಿ ಅರ್ಜಿ ತುಂಬುವಾಗಲೇ ಆದಾಯ ಪ್ರಮಾಣ ಪತ್ರದ ಆರ್‌ಡಿ ನಂಬರ್ ಹಾಕಿ ಕೇಳಿಕೊಂಡಿರಬೇಕು. ಹಾಗಾಗಿ ಮಗ ಎರಡನೇ ಪಿಯುಸಿಯಲ್ಲಿ ಇರುವಾಗಲೇ ನಾಡಕಚೇರಿಗೆ ಹೋಗಿ ಆದಾಯ ಪತ್ರ ಮಾಡಿಸಿ ಇಟ್ಟುಕೊಳ್ಳಿ, ಐದು ವರ್ಷ ನಡೆಯುತ್ತದೆ.

ಖಾಸಗಿಯಲ್ಲಿ ರಿಲಯನ್ಸ್ ಫೌಂಡೇಶನ್‌ನದು ಪದವಿಯ ಪೂರ್ತಿ ಅವಧಿಗೆ 2 ಲಕ್ಷದವರೆಗೆ ಕೊಡುತ್ತದೆ. ಪಿಯುಸಿಯಲ್ಲಿ 60 ಪರ್ಸೆಂಟ್ ಇರಬೇಕು, ಆನ್‌ಲೈನ್ ಪರೀಕ್ಷೆ ಬರೆಯಬೇಕು, ಇದೂ ಮೊದಲ ವರ್ಷದವರಿಗೇ. ನೀವು ಬ್ರಾಹ್ಮಣರಾಗಿದ್ದರೆ ರಾಜ್ಯ ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ಶಿಷ್ಯವೇತನ ಇದೆ, 8 ಲಕ್ಷದ ಒಳಗಿನ ಆದಾಯದವರಿಗೆ.

ನಾನು ಪರಿಶಿಷ್ಟ ಜಾತಿ. ಮನೆಯಲ್ಲಿ ಕಾಲೇಜಿಗೆ ಬಂದ ಮೊದಲನೆಯವಳು. ಪಿಯುಸಿಯಲ್ಲಿ 71 ಪರ್ಸೆಂಟ್. ನನ್ನ ಸೀನಿಯರ್ ಒಬ್ಬರು "ಪ್ರೈಜ್ ಮನಿ ಹಾಕಿದೆಯಾ" ಅಂದರು. ಅದೇನು? – ವಿದ್ಯಾರ್ಥಿನಿ, ರಾಯಚೂರು

ನಿಮ್ಮ ಸೀನಿಯರ್ ದೊಡ್ಡ ಉಪಕಾರ ಮಾಡಿದ್ದಾರೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಒಂದೇ ಸಲಕ್ಕೆ ಕೊಡುವ ಪ್ರೋತ್ಸಾಹ ಧನ ಅದು. ಪಿಯುಸಿ, ಡಿಪ್ಲೊಮಾಕ್ಕೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ, ಪಶುವೈದ್ಯಕೀಯ ಮುಗಿಸಿದವರಿಗೆ 35,000. ಇದು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಬದಲಿಗೆ ಅಲ್ಲ, ಬೇರೆಯದೇ. ಎಸ್‌ಎಸ್‌ಪಿ ಅರ್ಜಿ ಹಾಕಿದ ಮಾತ್ರಕ್ಕೆ ಇದು ಬರುವುದಿಲ್ಲ, ಸಮಾಜ ಕಲ್ಯಾಣ ಇಲಾಖೆಯ ವೆಬ್‌ಸೈಟಿನಲ್ಲಿ ಪ್ರತ್ಯೇಕವಾಗಿ ಹಾಕಬೇಕು. ಪಾಸಾದ ವರ್ಷದ ಅರ್ಜಿಗೆ ಕೊನೇ ದಿನ ಇರುತ್ತದೆ, ಇವತ್ತೇ ನೋಡಿ. ತಾಲ್ಲೂಕಿನ ಸಮಾಜ ಕಲ್ಯಾಣ ಕಚೇರಿಯಲ್ಲೂ ಸಹಾಯ ಮಾಡುತ್ತಾರೆ.

ಇನ್ನೊಂದು ಮಾತು, ನಿಮಗೆ ಮತ್ತು ನಿಮ್ಮ ತಮ್ಮ-ತಂಗಿಯರಿಗೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಮನೆಯ ಆದಾಯದ ಮಿತಿ ಎರಡೂವರೆ ಲಕ್ಷ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಅದು ಸಿಗುವುದಿಲ್ಲ. "ಸೇರಿ, ಸ್ಕಾಲರ್‌ಶಿಪ್ ಬಂದಾಗ ಸರಿಹೋಗುತ್ತದೆ" ಅಂತ ಯಾರಾದರೂ ಹೇಳಿ ಮ್ಯಾನೇಜ್‌ಮೆಂಟ್ ಸೀಟಿಗೆ ಸಹಿ ಹಾಕಿಸಿಕೊಂಡರೆ, ಸಾಲ ಉಳಿಯುವುದು ನಿಮ್ಮ ಅಪ್ಪ-ಅಮ್ಮನ ತಲೆ ಮೇಲೆ. ಸೀಟು ಯಾವ ಕೋಟಾದಲ್ಲಿ ಅಂತ ಬರಹದಲ್ಲಿ ಕೇಳಿ.

ಬಿಸಿಎಂ ಹಾಸ್ಟೆಲ್ ಸಿಗಲಿಲ್ಲ. ರೂಮು ಮಾಡಿಕೊಂಡು ಓದುತ್ತಿದ್ದೇನೆ, ಪ್ರವರ್ಗ 2ಎ. – ವಿದ್ಯಾರ್ಥಿ, ಧಾರವಾಡ

ವಿದ್ಯಾಸಿರಿ ಇರುವುದೇ ನಿಮ್ಮಂಥವರಿಗೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆ ಕೊಡುವ ದುಡ್ಡು ಅದು. ಶುರುವಾದಾಗ ನಿಗದಿ ಮಾಡಿದ್ದು ತಿಂಗಳಿಗೆ 1,500ರಂತೆ ಹತ್ತು ತಿಂಗಳು, ವರ್ಷಕ್ಕೆ 15,000. ಈಗ ಎಷ್ಟು ಅಂತ ಕೇಳಿ ನೋಡಿ. ಎಸ್‌ಎಸ್‌ಪಿ ಅರ್ಜಿಯಲ್ಲಿ ಹಾಸ್ಟೆಲ್ ಬಗ್ಗೆ ಕೇಳುವ ಕಡೆ ತಪ್ಪು ಆಯ್ಕೆ ಒತ್ತಿದರೆ ಇದು ಕೈತಪ್ಪುತ್ತದೆ, ಆ ಪುಟವನ್ನು ನೀವೇ ಕೂತು ತುಂಬಿ. ಹಾಸ್ಟೆಲ್ಲಿಗೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ.

ಧಾರವಾಡದಲ್ಲಿ ಇದ್ದೀರಿ ಅಂದಮೇಲೆ ಮುರುಘಾಮಠದ ಉಚಿತ ಪ್ರಸಾದ ನಿಲಯದ ಬಗ್ಗೆ ಕೇಳಿಯೇ ಇರುತ್ತೀರಿ. ತುಮಕೂರಿನ ಸಿದ್ಧಗಂಗಾ ಮಠ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಕೊಡುತ್ತಾ ಬಂದಿದೆ. ನಮ್ಮ ಹಿಂದಿನ ತಲೆಮಾರು ವಾರಾನ್ನ ಮಾಡಿ, ದಿನಕ್ಕೊಂದು ಮನೆಯಲ್ಲಿ ಉಂಡು ಓದಿದ್ದು, ಇಂಥ ನಿಲಯಗಳಲ್ಲಿ ಬೆಳೆದದ್ದು ಎಲ್ಲ ಈ ನಾಡಿನದ್ದೇ ಕಥೆ. ಕೇಳಿ ಪಡೆಯುವುದರಲ್ಲಿ ಯಾವ ಅವಮಾನವೂ ಇಲ್ಲ. ದುಡ್ಡೇ ಸಿಗಬೇಕಾಗಿಲ್ಲ, ಎರಡು ಹೊತ್ತಿನ ಊಟ ಮತ್ತು ಮಲಗಲು ಜಾಗ ಸಿಕ್ಕಿದರೆ ಅದೂ ಸ್ಕಾಲರ್‌ಶಿಪ್ಪೇ.

ಆಧಾರ್‌ನಲ್ಲಿ ಇನಿಶಿಯಲ್ ಹೆಸರಿನ ಮುಂದಿದೆ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹಿಂದಿದೆ. ಸಮಸ್ಯೆ ಆಗುತ್ತದಾ? – ಮಂಡ್ಯ

ಆಗಬಹುದು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇರುವ ಹಾಗೆಯೇ ಆಧಾರ್ ತಿದ್ದಿಸಿ, ಬ್ಯಾಂಕ್ ಖಾತೆಯನ್ನೂ ಹಾಗೇ ಮಾಡಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ, ಅಕ್ಷರ ಅಕ್ಷರ ನೋಡಿ ಕೊಡಿ.

ನಾನು ಮಾಜಿ ಸೈನಿಕ, ಹವಾಲ್ದಾರ್ ಆಗಿ ನಿವೃತ್ತಿ. ಮಗಳು ಬಿಇ ಮೊದಲ ವರ್ಷ. – ಕೊಡಗು

ಕೇಂದ್ರೀಯ ಸೈನಿಕ ಮಂಡಳಿಯ ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ ನಿಮಗಾಗಿಯೇ ಇದೆ. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500. ಪಿಯುಸಿಯಲ್ಲಿ 60 ಪರ್ಸೆಂಟ್ ಬೇಕು, ಮೊದಲ ವರ್ಷದಲ್ಲೇ ಅರ್ಜಿ. ಎಸ್‌ಎಸ್‌ಪಿಯಲ್ಲಿ ಹುಡುಕಬೇಡಿ, ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ಜೊತೆಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನವನ್ನೂ ನೋಡಿ. ತಾಂತ್ರಿಕ ಪದವಿ, ಡಿಪ್ಲೊಮಾ ಓದುವ ಹುಡುಗಿಯರಿಗೆ ವರ್ಷಕ್ಕೆ 50,000, ಆದಾಯ 8 ಲಕ್ಷದ ಒಳಗೆ, ಒಂದು ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳವರೆಗೆ. ಅದು ಮೆರಿಟ್ ಪಟ್ಟಿಯ ಮೇಲೆ ಸಿಗುವುದರಿಂದ ಖಾತ್ರಿ ಇಲ್ಲ. ಎರಡೂ ಬಂದರೆ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

ವಾಟ್ಸಾಪ್‌ನಲ್ಲಿ ಒಂದು ಲಿಂಕ್ ಬಂತು. 499 ರೂಪಾಯಿ ಕಟ್ಟಿದರೆ 40,000 ಸ್ಕಾಲರ್‌ಶಿಪ್ ಅಂತೆ. – ದಾವಣಗೆರೆ

ಕಟ್ಟಬೇಡಿ. ಮೇಲೆ ಹೇಳಿದ ಸ್ಕಾಲರ್‌ಶಿಪ್‌ಗಳಲ್ಲಿ ಯಾವುದಕ್ಕೂ ಅರ್ಜಿ ಶುಲ್ಕ ಇಲ್ಲ. ಓಟಿಪಿಯನ್ನೂ ಯಾರಿಗೂ ಹೇಳಬೇಡಿ. ಈಗಾಗಲೇ ಕಟ್ಟಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ನಾವು ಸೊಲ್ಲಾಪುರದ ಕನ್ನಡಿಗರು. ಮಗ ಕನ್ನಡ ಶಾಲೆಯಲ್ಲಿ ಓದಿದವನು. ಕರ್ನಾಟಕದ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬಹುದಾ?

ಎಸ್‌ಎಸ್‌ಪಿ ಕರ್ನಾಟಕದ ನಿವಾಸಿಗಳಿಗೆ. ಜಾತಿ, ಆದಾಯದ ಪತ್ರ ಇಲ್ಲಿನ ನಾಡಕಚೇರಿಯದೇ ಆಗಿರಬೇಕು. ನಿಮ್ಮ ಮಗನಿಗೆ ಮಹಾರಾಷ್ಟ್ರದ ಮಹಾಡಿಬಿಟಿ ಪೋರ್ಟಲ್ ಇದೆ, ಅಲ್ಲಿನ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅಲ್ಲೇ ಹಾಕಬೇಕು. ಎನ್‌ಎಸ್‌ಪಿ ಮಾತ್ರ ಇಡೀ ದೇಶಕ್ಕೆ ಒಂದೇ, ಹಾಗಾಗಿ ಮೇಲೆ ಹೇಳಿದ ಕೇಂದ್ರೀಯ ವಲಯದ ಯೋಜನೆಗೆ ಅವನೂ ಹಾಕಬಹುದು. ಸೊಲ್ಲಾಪುರದಲ್ಲೂ ಬೀಡಿ ಕಟ್ಟುವವರು ಬಹಳ ಮಂದಿ ಇದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಆ ಕೆಲಸದಲ್ಲಿ ಇದ್ದರೆ ಬಂಟ್ವಾಳದ ಹುಡುಗನಿಗೆ ಬರೆದ ಉತ್ತರ ನಿಮಗೂ ಹೊಂದುತ್ತದೆ. ಮನೆಯಲ್ಲಿ ದುಡಿಯುವವರ ಕೆಲಸ ಏನು ಅಂತ ಬರೆದು ಮತ್ತೊಂದು ಪತ್ರ ಹಾಕಿ.